ಏಳು ಮೂಲಂಗಿ, ಒಂದು ಬುಟ್ಟಿ ಪಾಲಕ್

ಇವತ್ತು ಬೆಳಿಗ್ಗೆ ಈ ವಸಂತದ ಮೊದಲ ಮೂಲಂಗಿ ಕಿತ್ತೆ. ಏಳೇ ಏಳು. ಸಣ್ಣ ಗುಂಡಗಿನ ಕೆಂಪು ಜಾತಿ. ಬೀಜ ಹಾಕಿ 31 ದಿನ ಆಗಿತ್ತು. ಪೊಟ್ಟಣದ ಮೇಲೆ 25 ದಿನ ಅಂತ ಇತ್ತು, ಆದರೆ ಮಣ್ಣು ಇನ್ನೂ ತಣ್ಣಗಿರುವಾಗ ಬಿತ್ತಿದರೆ ಒಂದು ವಾರ ಹೆಚ್ಚುಕಮ್ಮಿ ಆಗುವುದು ಇದ್ದದ್ದೇ.

ಏಳು ಮೂಲಂಗಿಗೆ ಇಷ್ಟು ಸಂಭ್ರಮವಾ ಅನ್ನಬೇಡಿ. ಹೋದ ವರ್ಷ ಚಳಿ ಕಳೆದ ಖುಷಿಯಲ್ಲಿ ಇಡೀ ಪೊಟ್ಟಣವನ್ನೇ ಒಂದೇ ದಿನ ಸುರಿದಿದ್ದೆ. ಎಲ್ಲವೂ ಒಂದೇ ವಾರದಲ್ಲಿ ಬಲಿತವು. ತಿಂದೆವು, ಹಂಚಿದೆವು, ಆಮೇಲೂ ಉಳಿದದ್ದನ್ನು ನೆಲದಲ್ಲೇ ಬಿಟ್ಟೆ, ಬೇಕಾದಾಗ ಕಿತ್ತರಾಯಿತು ಅಂತ. ಹತ್ತು ದಿನ ಬಿಟ್ಟು ಕಿತ್ತರೆ ಒಳಗೆಲ್ಲ ಬೆಂಡು, ಬಾಯಿಗಿಟ್ಟರೆ ಬರೀ ಖಾರ. ಹಾಗಾಗಿ ಈ ಸಲ ಹತ್ತು ದಿನಕ್ಕೊಮ್ಮೆ ಒಂದು ಮೊಳ ಉದ್ದದ ಸಾಲು, ಹದಿನೈದು ಬೀಜ, ಅಷ್ಟೇ. ಎರಡನೇ ಸಾಲು ಈಗ ಬೆರಳುದ್ದ ಎದ್ದಿದೆ, ಮೂರನೆಯದು ಈಗ ತಾನೇ ಮೊಳಕೆ ಒಡೆಯುತ್ತಿದೆ.

ನಿಜ ಹೇಳಬೇಕೆಂದರೆ ಮೊದಲ ಕೊಯ್ಲು ಮೂಲಂಗಿಯದ್ದಲ್ಲ. ಅದಕ್ಕೂ ಎರಡು ವಾರ ಮುಂಚೆ, ಒತ್ತಾಗಿ ಎದ್ದಿದ್ದ ಬೀಟ್‌ರೂಟ್ ಮತ್ತು ಮೂಲಂಗಿ ಸಸಿಗಳನ್ನು ನಡುನಡುವೆ ಕಿತ್ತು ತೆಗೆದೆನಲ್ಲ, ಅದೇ ಒಂದು ಹಿಡಿ ಸೊಪ್ಪಾಯಿತು. ಚೆನ್ನಾಗಿ ಬೆಳೆಯುತ್ತಿರುವ ಸಸಿಯನ್ನು ಕೀಳಲು ಮನಸ್ಸೇ ಬರುವುದಿಲ್ಲ, ಗೊತ್ತು. ಆದರೆ ಕೀಳದಿದ್ದರೆ ಗೆಡ್ಡೆ ಕಟ್ಟುವುದಿಲ್ಲ, ಎಲೆ ಮಾತ್ರ ಸಿಗುತ್ತದೆ.

ಪಾಲಕ್ ಮಾತ್ರ ಈ ಸಲ ನನ್ನನ್ನು ಗೆಲ್ಲಿಸಿದೆ. ಇದು ತಂಪು ಮಣ್ಣಿನಲ್ಲೇ ಮೊಳೆಯುವ ಗಿಡ, ಬಿಸಿಲು ಏರಿದ ಮೇಲೆ ಹಾಕಿದರೆ ಮೊಳಕೆಯೇ ಸರಿಯಾಗಿ ಬರುವುದಿಲ್ಲ. ಹೊರಗಿನ ಎಲೆಗಳನ್ನಷ್ಟೇ ಕೊಯ್ದು ನಡುವಿನ ಸುಳಿಯನ್ನು ಬಿಡುತ್ತಾ ಬಂದೆ, ಅದೇ ಗಿಡಗಳಿಂದ ಈಗಾಗಲೇ ನಾಲ್ಕು ಸಲ ಬುಟ್ಟಿ ತುಂಬಿದೆ. ಆದರೆ ಮೊನ್ನೆಯಿಂದ ಹೊಸ ಎಲೆಗಳ ತುದಿ ಬಾಣದ ಹಾಗೆ ಚೂಪಾಗುತ್ತಿದೆ. ಹಗಲು ಉದ್ದವಾಯಿತು, ಇನ್ನು ಅದು ಹೂವಿಗೆ ಹೊರಟಿತು ಅಂತ ಅರ್ಥ. ಒಮ್ಮೆ ಹೊರಟ ಮೇಲೆ ನೀರು ಹಾಕಿ, ನೆರಳು ಮಾಡಿ, ಏನು ಮಾಡಿದರೂ ವಾಪಸ್ ಬರುವುದಿಲ್ಲ, ಎಲೆ ಕಹಿಯಾಗುತ್ತದೆ. ಈ ವಾರ ಬುಡಸಮೇತ ಕೊಯ್ದುಬಿಡುತ್ತೇನೆ.

ಬಟಾಣಿಯ ಮೊದಲ ಸಾಲು ಇಲಿಗಳ ಪಾಲಾಯಿತು. ರಾತ್ರಿ ನೆನೆಸಿ ಹಾಕಿದ ಬೀಜ, ಅವಕ್ಕೆ ಹಬ್ಬ. ಎರಡನೇ ಸಲ ಮನೆಯೊಳಗೆ ಲೋಟಗಳಲ್ಲಿ ಮೊಳಕೆ ಬರಿಸಿ, ನಾಲ್ಕು ಬೆರಳೆತ್ತರ ಆದ ಮೇಲೆ ಬೇರು ಕದಲದಂತೆ ಹೊರಗೆ ನೆಟ್ಟೆ. ಈಗ ಹೂ ಬಂದಿದೆ. ಇನ್ನು ಮೂರು ವಾರದಲ್ಲಿ ಕಾಯಿ ಸಿಗಬೇಕು. ಸಿಕ್ಕಿದ್ದರಲ್ಲಿ ಅರ್ಧ ಗಿಡದ ಹತ್ತಿರವೇ ಖಾಲಿಯಾಗುತ್ತದೆ ಅನ್ನುವುದು ಬೇರೆ ಮಾತು. ಕಿತ್ತ ಕೆಲವೇ ಗಂಟೆಗಳಲ್ಲಿ ಅದರ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ, ಹಾಗಾಗಿ ನಿಂತಲ್ಲೇ ತಿನ್ನುವುದಕ್ಕೆ ನನಗೊಂದು ನೆಪ ಇದೆ.

ಇನ್ನು ಟೊಮೆಟೊ. ಪ್ರತಿ ವರ್ಷ ನಾನು ಎಡವುವುದು ಇಲ್ಲೇ. ಕಿಟಕಿಯ ಹತ್ತಿರ ಸಸಿಗಳು ಎತ್ತರವಾಗುತ್ತಾ ಹೋಗುತ್ತವೆ, ಹೊರಗೆ ನಾಲ್ಕು ದಿನ ಒಳ್ಳೆ ಬಿಸಿಲು ಬೀಳುತ್ತದೆ, ಕೈ ಸುಮ್ನೆ ಇರುವುದಿಲ್ಲ. ಈ ಸಲ ಎಂಟು ಸಸಿಯಲ್ಲಿ ಮೂರನ್ನು ಬೇಗ ನೆಟ್ಟು ಐದನ್ನು ಒಳಗೇ ಇಟ್ಟುಕೊಂಡೆ, ನೋಡೋಣ ಅಂತ. ಹೊರಗಿನ ಮೂರರ ಎಲೆಯ ಅಡಿಭಾಗ ಒಂದೇ ವಾರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿತು. ಗೊಬ್ಬರ ಕಮ್ಮಿ ಅಂದುಕೊಂಡು ಇನ್ನಷ್ಟು ಹಾಕುವುದರಲ್ಲಿದ್ದೆ. ಆದರೆ ಮಣ್ಣಿನಲ್ಲಿ ರಂಜಕ ಅನ್ನುವ ಪೋಷಕಾಂಶ ಇದ್ದರೂ ಬೇರು ತಣ್ಣಗಿದ್ದಾಗ ಗಿಡಕ್ಕೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ, ಬಣ್ಣ ತಿರುಗಿದ್ದು ಅದಕ್ಕೆ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತಿದ್ದ ದಿನಗಳವು. ಉಳಿದ ಐದನ್ನು ಹತ್ತು ದಿನ ಹಗಲು ಹೊರಗೆ, ರಾತ್ರಿ ಒಳಗೆ ಅಂತ ಹೊತ್ತು ತಿರುಗಿ, ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಗಾಳಿ ಬಿಸಿಲಿಗೆ ಒಗ್ಗಿಸಿ, ಮೂರು ವಾರ ತಡವಾಗಿ ನೆಟ್ಟೆ. ಈಗ ಆ ಐದೇ ಎತ್ತರ, ಮೊದಲ ಹೂಗೊಂಚಲೂ ಅವುಗಳಲ್ಲೇ. ಮುಂಚೆ ಹೋದ ಮೂರು ಈಗಷ್ಟೇ ಹಸಿರಾಗುತ್ತಿವೆ. ಪಾಲಕ್, ಬಟಾಣಿ, ಮೂಲಂಗಿಗೆ ಎಷ್ಟು ಅವಸರ ಮಾಡಿದರೂ ನಡೆಯುತ್ತದೆ, ಟೊಮೆಟೊಗೆ ನಡೆಯುವುದಿಲ್ಲ.

ಕ್ಯಾರೆಟ್ ಮೊದಲ ಸಲ ಬರಲೇ ಇಲ್ಲ, ಮೇಲ್ಮಣ್ಣು ಒಣಗಿತ್ತು. ಎರಡನೇ ಸಲ ಬಿತ್ತಿ ಒದ್ದೆ ಗೋಣಿಚೀಲ ಹೊದಿಸಿ, ದಿನಾ ಎತ್ತಿ ನೋಡಿದೆ. 16ನೇ ದಿನ ಕೂದಲಿನಂಥ ಹಸಿರು ಕಂಡಿತು, ಅವತ್ತೇ ಚೀಲ ತೆಗೆದೆ.

ಬಟಾಣಿಯ ಕುಡಿಗಳಿಗೆ ಗಿಡಹೇನು ಬಂದಿದೆ. ಎರಡು ದಿನ ಪೈಪಿನಿಂದ ಜೋರಾಗಿ ನೀರು ಹೊಡೆದೆ, ಆಮೇಲೆ ಗಿಡಹೇನು ತಿನ್ನುವ ಗುಲಗಂಜಿ ಹುಳುಗಳು ಬಂದವು, ಕೆಲಸ ಅವಕ್ಕೇ ಬಿಟ್ಟೆ. ಅವುಗಳ ಮರಿ ಕಪ್ಪಗೆ, ಉದ್ದಕ್ಕೆ, ಪುಟ್ಟ ಮೊಸಳೆಯ ಹಾಗಿರುತ್ತದೆ. ಎರಡು ವರ್ಷ ಅದನ್ನೇ ಗಿಡ ಹಾಳುಮಾಡುವ ಕೀಟ ಅಂದುಕೊಂಡು ಹಿಡಿದು ಹೊಸಕಿದ್ದೇನೆ, ಈಗ ನೆನೆದರೆ ಬೇಸರವಾಗುತ್ತದೆ.

ಬಟಾಣಿ ಮುಗಿದ ಮೇಲೆ ಗಿಡ ಕೀಳುವುದಿಲ್ಲ, ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಟ್ಟು ಆ ಜಾಗಕ್ಕೆ ಸೌತೆ ಹಾಕಬೇಕು. ಸಸಿ ತಯಾರಿದೆ. ಮೂಲಂಗಿ ಸಾಲಿನಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಹೂ ಬಿಟ್ಟು ಕಾಯಿ ಕಟ್ಟಲಿ, ಎಳೆಯದಾಗಿದ್ದಾಗ ಆ ಕಾಯಿಯೂ ತಿನ್ನಲು ಗರಿಗರಿ.