ಜರ್ಮನಿಗೆ ಓದಲು ಹೊರಟಿದ್ದೀರಾ? ಮೊದಲ 2 ವಾರ ಹೀಗೆ ಮಾಡಿ

ಧಾರವಾಡದ ಸಪ್ತಾಪುರದ ನಮ್ಮ ಮನೆಗೆ ಪ್ರತಿವರ್ಷ ಆಗಸ್ಟ್ ಬಂತೆಂದರೆ ನಾಲ್ಕೈದು ಹುಡುಗ–ಹುಡುಗಿಯರು ಬರುತ್ತಾರೆ. ಅಕ್ಟೋಬರ್‌ಗೆ ಜರ್ಮನಿಯಲ್ಲಿ ಎಂ.ಎಸ್. ಶುರು, ವೀಸಾ ಬಂದಿದೆ, ಟಿಕೆಟ್ ಆಗಿದೆ. ಅಲ್ಲಿ 2 ವರ್ಷ ಓದಿ ಬಂದವಳು ಎಂದು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೇಳುವುದೆಲ್ಲ ಚಳಿ, ಊಟ, ಪಾರ್ಟ್‌ಟೈಮ್ ಕೆಲಸದ ಬಗ್ಗೆ. ಹೋದ ಮೇಲೆ ಎಡವುವುದು ಮಾತ್ರ ವಿಳಾಸದಲ್ಲಿ.

ಹೆಜ್ಜೆ 1: ಬ್ಯಾಗು ಕಟ್ಟುವುದು. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯೂರೋಪ್ ಒಕ್ಕೂಟದೊಳಗೆ ಒಯ್ಯಲು ಬಿಡುವುದಿಲ್ಲ. ತುಪ್ಪದ ಡಬ್ಬಿ, ಪೇಡೆ ಮನೆಯಲ್ಲೇ ಇರಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಖಾರದ ಪುಡಿ ಇಟ್ಟುಕೊಳ್ಳಿ. ಕುಕ್ಕರ್ ಒಯ್ಯುವುದಾದರೆ ತಳಕ್ಕೆ ಒಂದು ಆಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಇಂಡಕ್ಷನ್ ಒಲೆಯ ಮೇಲೆ ಅದು ಬಿಸಿಯೇ ಆಗುವುದಿಲ್ಲ. ದಪ್ಪ ಜಾಕೆಟ್‌ಗೆ ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ದುಡ್ಡು ಹಾಕಬೇಡಿ. ಅಲ್ಲಿನ ಚಳಿಗೆ ಬೇಕಾದದ್ದು ಅಲ್ಲಿಯೇ ಸಿಗುತ್ತದೆ.

ಹೆಜ್ಜೆ 2: ರೂಮು. ಕೋಣೆ ತೋರಿಸದೆ ‘ಮೊದಲು ಡಿಪಾಸಿಟ್ ಕಳಿಸಿ, ಕೀಲಿ ಕೊರಿಯರ್ ಮಾಡುತ್ತೇನೆ’ ಎನ್ನುವವರಿಗೆ ಒಂದು ಯೂರೋ ಕೂಡ ಕಳಿಸಬೇಡಿ. ನಮ್ಮವರು ಮೋಸ ಹೋಗುವುದು ಹೆಚ್ಚಾಗಿ ಇಲ್ಲಿಯೇ. ಕಾನೂನಿನ ಪ್ರಕಾರ ಡಿಪಾಸಿಟ್ 3 ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಇರುವಂತಿಲ್ಲ. ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದೇ?’ ಆಗುವುದಿಲ್ಲ ಎಂದರೆ, ಎಷ್ಟೇ ಅಗ್ಗವಾಗಿದ್ದರೂ ಆ ರೂಮು ಬೇಡ.

ಹೆಜ್ಜೆ 3: ನೋಂದಣಿ. ಇದನ್ನು ಅಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಗೆ ಹೊಕ್ಕ 2 ವಾರದೊಳಗೆ ನಗರದ ಕಚೇರಿಗೆ ಹೋಗಿ ‘ನಾನು ಇಲ್ಲಿ ವಾಸವಾಗಿದ್ದೇನೆ’ ಎಂದು ಬರೆಸಬೇಕು. ನಮ್ಮವರು ಬಾಡಿಗೆ ಕರಾರುಪತ್ರ ಹಿಡಿದುಕೊಂಡು ಹೋಗುತ್ತಾರೆ, ಬರಿಗೈಯಲ್ಲಿ ವಾಪಸು ಬರುತ್ತಾರೆ. ಕರಾರುಪತ್ರ ಸಾಲದು. ‘ಇಂಥ ದಿನದಿಂದ ಇವರು ನನ್ನ ಮನೆಯಲ್ಲಿದ್ದಾರೆ’ ಎಂದು ಮನೆ ಮಾಲೀಕರು ಸಹಿ ಹಾಕಿದ ಬೇರೆಯೇ ಒಂದು ಪತ್ರ ಬೇಕು. 2015ರ ನವೆಂಬರ್‌ನಿಂದ ಇದು ಕಡ್ಡಾಯ. ಕೀಲಿ ಕೈಗೆ ಬಂದ ಹೊತ್ತಿಗೇ ಆ ಪತ್ರವನ್ನೂ ಕೇಳಿ ಪಡೆಯಿರಿ. ‘ಆಮೇಲೆ ಕೊಡುತ್ತೇನೆ’ ಎಂದರೆ ಒಪ್ಪಬೇಡಿ.

ಕಚೇರಿಯ ಅಪಾಯಿಂಟ್‌ಮೆಂಟನ್ನು ರೂಮು ಗೊತ್ತಾದ ಕೂಡಲೇ, ಊರಲ್ಲಿ ಇರುವಾಗಲೇ ಆನ್‌ಲೈನ್‌ನಲ್ಲಿ ಹಿಡಿಯಿರಿ. ದೊಡ್ಡ ಊರುಗಳಲ್ಲಿ ವಾರಗಟ್ಟಲೆ ಖಾಲಿ ಇರುವುದಿಲ್ಲ. ಯಾರಾದರೂ ರದ್ದು ಮಾಡಿದ ಜಾಗ ಬೆಳಿಗ್ಗೆ ಸಿಗುವುದುಂಟು, ದಿನಾ ನೋಡುತ್ತಿರಿ. ದುಡ್ಡು ತೆಗೆದುಕೊಂಡು ಅಪಾಯಿಂಟ್‌ಮೆಂಟ್ ಕೊಡಿಸುತ್ತೇವೆ ಎನ್ನುವವರ ಹತ್ತಿರ ಹೋಗಲೇಬೇಡಿ. ಕಚೇರಿಯ ವೆಬ್‌ಸೈಟಿನಲ್ಲಿ ಅದಕ್ಕೆ ಶುಲ್ಕವೇ ಇಲ್ಲ.

ಇನ್ನು ಅಂಚೆಪೆಟ್ಟಿಗೆ. ನಮ್ಮಲ್ಲಿ ಮನೆ ನಂಬರ್, ಓಣಿ ಹೆಸರು ಇದ್ದರೆ ಪೋಸ್ಟ್‌ಮನ್ ಕೇಳಿಕೊಂಡಾದರೂ ಬರುತ್ತಾನೆ. ಅಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲ್ಯಾಟ್‌ಗೆ ನಂಬರೇ ಇರುವುದಿಲ್ಲ. ಕೆಳಗೆ ಸಾಲಾಗಿ ತಗಡಿನ ಪೆಟ್ಟಿಗೆಗಳು, ಪ್ರತಿಯೊಂದಕ್ಕೂ ಹೆಸರಿನ ಚಿಕ್ಕ ಪಟ್ಟಿ. ನಿಮ್ಮ ಹೆಸರು ಇಲ್ಲವಾದರೆ ಕಾಗದ ಹಿಂದಕ್ಕೆ ಹೋಗುತ್ತದೆ. ನಾನು ಮೊದಲ ದಿನ ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ನಿನಿಂದ ಹೆಸರು ಬರೆದು, ಟೇಪ್ ಹಚ್ಚಿದ್ದೆ. ಮೂರನೇ ದಿನ ಅದು ನೆಲದ ಮೇಲಿತ್ತು. ಬ್ಯಾಂಕಿನವರು ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ ಕಳಿಸಿದ್ದರು. ಕಾರ್ಡ್ ಬಂತು, ಪಿನ್ ವಾಪಸು ಹೋಯಿತು. 12 ದಿನ ಕೈಯಲ್ಲಿ ಕಾರ್ಡ್ ಇಟ್ಟುಕೊಂಡು ಗೆಳತಿಯ ಹತ್ತಿರ ಸಾಲ ಮಾಡಿದೆ. ನೀವು ಪ್ರಿಂಟ್ ಮಾಡಿದ ಪಟ್ಟಿಯನ್ನೇ ಹಾಕಿ, ಕರೆಗಂಟೆಯ ಗುಂಡಿಯ ಪಕ್ಕದಲ್ಲೂ ಹಾಕಿ.

ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಎಲ್ಲ ಕಡೆ ಇರಬೇಕು. ನಮ್ಮ ಭಾಗದ ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ. ಅಲ್ಲಿನ ಪ್ರತಿ ಅರ್ಜಿಯಲ್ಲೂ ಮನೆತನದ ಹೆಸರು ಕೇಳುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಂಡರೆ ಎಲ್ಲ ಕಚೇರಿಯ ತಲೆನೋವು ತಪ್ಪುತ್ತದೆ.

ಹೆಜ್ಜೆ 4: ದುಡ್ಡು. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ದುಡ್ಡು ಬಿಡುವ ಖಾತೆಯಲ್ಲಿ, ವರ್ಷಕ್ಕೆ 11,904 ಯೂರೋ ಇಡಬೇಕೆಂದು 2024ರ ಸೆಪ್ಟೆಂಬರ್‌ನಿಂದ ನಿಯಮವಿದೆ. ತಿಂಗಳಿಗೆ 992 ಬಿಡುತ್ತಾರೆ. ಆದರೆ ನೀವು ಇಳಿದ ಮರುದಿನ ಬಿಡುವುದಿಲ್ಲ, ಅಲ್ಲಿ ಹೋಗಿ ಖಾತೆ ಚಾಲೂ ಮಾಡಿಸಬೇಕು. ಅಲ್ಲಿಯವರೆಗಿನ ಬಾಡಿಗೆ, ಡಿಪಾಸಿಟ್, ಊಟದ ಖರ್ಚು ಬೇರೆ ಇಟ್ಟುಕೊಳ್ಳಿ.

ಹೆಜ್ಜೆ 5: ಆರೋಗ್ಯ ವಿಮೆ, ಕಾಲೇಜಿನ ಪ್ರವೇಶ, ಸಿಮ್. ಇವು ತಾವಾಗಿಯೇ ಆಗುವುದಿಲ್ಲ, ನೀವೇ ಮಾಡಿಸಿಕೊಳ್ಳಬೇಕು. ವೀಸಾ ಮುಗಿಯುವ ತಾರೀಖನ್ನೂ ಗೋಡೆಯ ಮೇಲೆ ಬರೆದಿಡಿ. ಅದಕ್ಕೆ ಮೊದಲೇ ವಾಸದ ಪರವಾನಗಿಗೆ ಅರ್ಜಿ ಹೋಗಬೇಕು.

ಮೊದಲ ಭಾನುವಾರ ಬಲು ಕಷ್ಟ. ಅಂಗಡಿಗಳು ಮುಚ್ಚಿರುತ್ತವೆ, ರಸ್ತೆಯಲ್ಲಿ ಜನ ಕಾಣುವುದಿಲ್ಲ, ಮನೆ ನೆನಪಾಗಿ ಅಳು ಬರುತ್ತದೆ. ಅಳು ಬಂದರೆ ಅತ್ತುಬಿಡಿ. ಶನಿವಾರವೇ ಅಕ್ಕಿ, ಉಳ್ಳಾಗಡ್ಡಿ ತಂದಿಟ್ಟುಕೊಳ್ಳಿ, ಭಾನುವಾರ ಬಿಸಿ ಅನ್ನ ಮಾಡಿ ಹಿಂಡಿ ಕಲಸಿ ಉಣ್ಣಿ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿರಲಿ. ಮೆಣಸಿನಕಾಯಿ ಘಾಟು ಎದ್ದು ಹೊಗೆಯ ಅಲಾರಾಂ ಹೊಡೆದುಕೊಂಡರೆ ಇಡೀ ಹಾಸ್ಟೆಲ್ ಹೊರಗೆ ನಿಲ್ಲಬೇಕಾಗುತ್ತದೆ.

ಮನೆಗೆ ದಿನಕ್ಕೆ ಒಂದೇ ಫೋನು, ಒಂದೇ ಹೊತ್ತಿಗೆ. ಹತ್ತು ಸಲ ಮಾತಾಡಿದರೆ ಅಲ್ಲಿ ಬೇರು ಬಿಡುವುದೇ ಇಲ್ಲ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಹಿಂದೆ. ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಅಂತರ ನಾಲ್ಕೂವರೆ ತಾಸು ಆಗುತ್ತದೆ. ಅದನ್ನು ಮನೆಯಲ್ಲಿ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಆ ರಾತ್ರಿ ಒಂಬತ್ತೂವರೆಯಿಂದ ಹತ್ತೂವರೆವರೆಗೆ ನಮ್ಮವ್ವ ಊಟದ ತಾಟು ಮುಂದಿಟ್ಟುಕೊಂಡು, ಫೋನು ಹಿಡಿದು ಕೂತೇ ಇದ್ದಳು.