ನಲವತ್ತು ರೂಪಾಯಿಯ ಇಂಕ್ ಪೆನ್ನು ಆರಿಸುವುದು: ನನ್ನ ಅನುಭವ

ಮೊನ್ನೆ ರಾತ್ರಿ ಭಾವನ ಫೋನು ಬಂತು. “ನೀ ಆರಿಸಿದ ಇಪ್ಪತ್ರಲ್ಲಿ ಹದಿನೆಂಟು ಪೆನ್ನು ಇನ್ನೂ ಬರೀತಾ ಇದ್ದು ಮಾರಾಯಾ” ಅಂದ. ಅವನು ಕುಮಟಾ ಕಡೆಯ ಹೈಸ್ಕೂಲೊಂದರಲ್ಲಿ ಮಾಸ್ತರು. ಜೂನಿನಲ್ಲಿ ಇದೇ ಭಾವ, ಅಗ್ಗದ ಇಂಕ್ ಪೆನ್ನು ಅಂದರೆ ಲಾಟರಿ, ಅಂಗಡಿಯಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ ಎಂದು ವಾದಿಸಿದ್ದ. ಅಂಗಡಿ ಮಾಲಕರೂ ಅವನ ಮಾತಿಗೇ ತಲೆಯಾಡಿಸಿದ್ದರು. ಈಗ ಇಬ್ಬರೂ ಒಪ್ಪಿದ್ದಾರೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಶಿರಸಿಯಲ್ಲಿ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತು ವರ್ಷದ ಮೇಲಾಯಿತು. ಕಂಪ್ಯೂಟರ್ ಬಂದಿದೆ. ಆದರೂ ದಿನದ ಕಚ್ಚಾ ಲೆಕ್ಕ ಇವತ್ತಿಗೂ ಕೈಬರಹದಲ್ಲೇ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಪುಟ ದಾಟುತ್ತದೆ. ಬಾಲ್ ಪೆನ್ನಿನಲ್ಲಿ ಅಷ್ಟು ಬರೆದರೆ ಹೆಬ್ಬೆರಳ ಬುಡ ನೋಯುತ್ತದೆ. ಇಂಕ್ ಪೆನ್ನಿಗೆ ಒತ್ತುವುದೇ ಬೇಡ. ದುಬಾರಿ ಪೆನ್ನನ್ನು ವಖಾರಿಗೆ ಒಯ್ಯುವ ಹಾಗಿಲ್ಲ. ಧೂಳು, ಚೀಲ, ಹಮಾಲರ ಓಡಾಟ, “ಒಂದು ನಿಮಿಷ ಕೊಡಿ” ಎಂದು ಒಯ್ದವರು ತಿರುಗಿ ಬರುವುದಿಲ್ಲ. ಹಾಗಾಗಿ ನನಗೆ ಬೇಕಾದದ್ದು 30ರಿಂದ 60 ರೂಪಾಯಿಯೊಳಗಿನ ಪೆನ್ನು. ಸ್ಟೇಷನರಿ ಅಂಗಡಿಯಲ್ಲಿ ಜಾಮಿಟ್ರಿ ಬಾಕ್ಸಿನ ಪಕ್ಕ ಡಬ್ಬಿಯಲ್ಲಿ ಬಿದ್ದಿರುತ್ತದಲ್ಲ, ಅದು.

ನಿಬ್ಬು ಅಂದರೆ ಬರೆಯುವ ಲೋಹದ ತುದಿ, ಎಸಳು ಅಂದರೆ ಅದರ ಸೀಳಿನ ಎರಡು ಬದಿ. ನಾಲಿಗೆ ಅಂದರೆ ನಿಬ್ಬಿನ ಅಡಿಗೆ ಅಂಟಿ ಕೂತು ಶಾಯಿ ತರುವ, ಹಲ್ಲು ಹಲ್ಲಾದ ತುಂಡು.

ಮೊದಲು ಕಳೆದುಕೊಂಡದ್ದರ ಲೆಕ್ಕ. ಶುರುವಿನಲ್ಲಿ ಹುಬ್ಬಳ್ಳಿಯಿಂದ ಒಂದು ಡಜನ್ ಹೋಲ್‌ಸೇಲಿನಲ್ಲಿ ತರಿಸಿದ್ದೆ. 400 ರೂಪಾಯಿ ಆಸುಪಾಸು. ಸರಿಯಾಗಿ ಬರೆದದ್ದು ಐದು. ಉಳಿದ ಏಳನ್ನು ರಿಪೇರಿ ಮಾಡಲು ಕುಳಿತೆ. ಗೀಚುವ ನಿಬ್ಬನ್ನು ಸ್ಯಾಂಡ್ ಪೇಪರಿಗೆ ಉಜ್ಜಿದೆ. ಹತ್ತು ನಿಮಿಷ ಬಹಳ ನಯವಾಗಿ ಬರೆಯಿತು. ಆಮೇಲೆ ನೋಡಿದರೆ ತುದಿಯಲ್ಲಿದ್ದ ಗಟ್ಟಿ ಲೋಹದ ಗುಂಡೇ ಸವೆದು ಹೋಗಿತ್ತು. ಕೆಳಗಿನದು ಬರೀ ಸ್ಟೀಲು. ಹದಿನೈದು ದಿನಕ್ಕೆ ಉಳಿಯ ಹಾಗಾಯಿತು. ಹೀಗೆ ಮೂರು ಪೆನ್ನು ಹೋದವು. ಶಾಯಿ ಕಡಿಮೆ ಬಿಡುವ ಎರಡಕ್ಕೆ ಸೀಳಿನಲ್ಲಿ ಬ್ಲೇಡು ತೂರಿಸಿ ಅಗಲ ಮಾಡಿದೆ. ಒಂದು ಶಾಯಿ ಕಕ್ಕತೊಡಗಿತು. ಇನ್ನೊಂದರ ಎರಡು ಎಸಳು ಕಪ್ಪೆ ಬಾಯಿಯ ಹಾಗೆ ತೆರೆದುಕೊಂಡವು. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಪೆನ್ನುಗಳ ಹುಚ್ಚು ಹಿಡಿಯಿತು. ಶಾಯಿ ಅಲುಗಾಡುವುದು ಕಾಣುತ್ತದೆ, ಚಂದ. ಆರು ತಂದೆ. ತಿರುಪು ಸುತ್ತುವ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟು ನಾಲ್ಕು ಸೋರಿದವು. ಜೇಬು ಹೋದ ಅಂಗಿಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಮೂರು ವರ್ಷದಲ್ಲಿ ಮೂರು ಸಾವಿರದಷ್ಟು ಹೋಗಿರಬೇಕು. ಅಷ್ಟು ದುಡ್ಡಿಗೆ ಒಂದು ಒಳ್ಳೆಯ ಪೆನ್ನೇ ಬರುತ್ತಿತ್ತು ಎಂದು ಮನೆಯವಳು ಹೇಳಿದಳು. ಅವಳ ಮಾತು ಸರಿಯೇ.

ದಾರಿ ಸಿಕ್ಕಿದ್ದು ವಖಾರಿಯಲ್ಲೇ. ರಾಶಿಯ ಮೇಲೆ ಕಾಣುವ ಅಡಿಕೆ ನೋಡಿ ಯಾರೂ ದರ ಹೇಳುವುದಿಲ್ಲ. ಕೈಯನ್ನು ಒಳಗೆ ಹಾಕಿ ಹಿಡಿ ತೆಗೆಯುತ್ತಾರೆ, ಕಿವಿಯ ಹತ್ತಿರ ಅಲುಗಿಸುತ್ತಾರೆ, ಒಂದೆರಡು ಕತ್ತರಿಸಿ ಒಳಗೆ ನೋಡುತ್ತಾರೆ. ಪೆನ್ನು ಕೊಳ್ಳುವಾಗ ನಾನು ಮಾಡುತ್ತಿದ್ದದ್ದೇನು? ಬಣ್ಣ ನೋಡಿ, ಕ್ಯಾಪಿನ ಕ್ಲಿಪ್ಪು ಎಳೆದು, ಹೆಸರು ಓದಿ ದುಡ್ಡು ಕೊಡುತ್ತಿದ್ದೆ. ಹೆಸರು ನಂಬುವ ಹಾಗೂ ಇಲ್ಲ. ಚೀನಾದ ಹೀರೋ 616 ಪೆನ್ನಿಗೆ ಬಂದಷ್ಟು ನಕಲಿ ಬೇರೆ ಯಾವುದಕ್ಕೂ ಬಂದಿರಲಿಕ್ಕಿಲ್ಲ. ಒಂದೇ ಕಂಪನಿಯ, ಒಂದೇ ಡಬ್ಬಿಯ ಎರಡು ಪೆನ್ನು ಕೂಡ ಒಂದೇ ತರ ಇರುವುದಿಲ್ಲ. ಅಗ್ಗದ ಪೆನ್ನಿನಲ್ಲಿ ನಿಬ್ಬನ್ನು ಒಂದೊಂದಾಗಿ ನೋಡಿ ಕಳಿಸುವ ಕೆಲಸವನ್ನು ಕಾರ್ಖಾನೆಯವರು ಮಾಡುವುದಿಲ್ಲ. ಆ ಕೆಲಸ ನಾವೇ ಮಾಡಬೇಕು.

ಈಗ ನನ್ನ ಚೀಲದಲ್ಲಿ ನಾಲ್ಕು ಸಾಮಾನು. ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಗಾಜು, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು, ಸುಮಾರು 150 ರೂಪಾಯಿ. ಒಂದು ಸಣ್ಣ ಔಷಧಿ ಬಾಟಲಿಯಲ್ಲಿ ನೀರು. ಹಳೆಯ ಖಾಕಿ ಲಕೋಟೆ. ಒಂದು ಬಟ್ಟೆ ಚೂರು.

ಗಾಜಿನಲ್ಲಿ ಮೊದಲು ನಿಬ್ಬಿನ ತುದಿಯನ್ನು ಎದುರಿನಿಂದ ನೋಡುತ್ತೇನೆ. ಗುಂಡು ಇದೆಯೇ, ಅಥವಾ ಸ್ಟೀಲನ್ನೇ ಮಡಚಿ ಗುಂಡಿನ ಹಾಗೆ ಮಾಡಿದ್ದಾರೆಯೇ? ಮಡಚಿದ್ದಾದರೆ ಅಲ್ಲೇ ಬಿಟ್ಟೆ. ಮೊದಲ ವಾರ ಅದು ಎಲ್ಲಕ್ಕಿಂತ ನಯ, ಆರು ತಿಂಗಳಿಗೆ ಕೆಲಸಕ್ಕೆ ಬರುವುದಿಲ್ಲ. ಗುಂಡಿನ ಎರಡು ಹೋಳು ಒಂದೇ ಮಟ್ಟದಲ್ಲಿರಬೇಕು. ಒಂದು ತುಸು ಮೇಲಿದ್ದರೆ ಚಿಂತೆಯಿಲ್ಲ, ಉಗುರಿನಲ್ಲಿ ಒತ್ತಿ ಸರಿಮಾಡಬಹುದು. ಎರಡು ಹೋಳು ಒಂದೇ ದಪ್ಪ ಇಲ್ಲದಿದ್ದರೆ ಮಾತ್ರ ಮುಟ್ಟಬೇಡಿ. ಅದು ಕೊಯ್ದದ್ದೇ ತಪ್ಪು.

ಆಮೇಲೆ ನಿಬ್ಬನ್ನು ಬೆಳಕಿಗೆ ಹಿಡಿದು ಸೀಳು ನೋಡಬೇಕು. ತೂತಿನಿಂದ ತುದಿಯ ಕಡೆಗೆ ಬರುತ್ತಾ ಕಿರಿದಾಗಬೇಕು. ತುದಿಯಲ್ಲಿ ಎರಡೂ ಮುಟ್ಟಿತೋ ಇಲ್ಲವೋ ಅನ್ನುವ ಹಾಗಿರಬೇಕು. ಬೆಳಕೇ ಕಾಣದಿದ್ದರೆ ಶಾಯಿ ಬಿಡುವುದಿಲ್ಲ. ತುದಿಯ ಕಡೆ ಅಗಲವಾಗುತ್ತಾ ಬಂದರೆ ಶಾಯಿ ತುದಿಯವರೆಗೆ ಬರುವುದೇ ಇಲ್ಲ. ಇದನ್ನು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಗಲವಾದಷ್ಟೂ ಶಾಯಿ ಜಾಸ್ತಿ ಹರಿಯುತ್ತದೆ ಎಂದೇ ನಾನು ತಿಳಿದಿದ್ದೆ. ಬ್ಲೇಡು ತೂರಿಸಿದ್ದು ಅದಕ್ಕೇ. ಶಾಯಿಯನ್ನು ಮುಂದಕ್ಕೆ ಎಳೆಯುವುದು ಸೀಳಿನ ಇಕ್ಕಟ್ಟು.

ಒಣ ನಿಬ್ಬನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡುವವರಿದ್ದಾರೆ. ನಾನೂ ಎರಡು ವರ್ಷ ಹಾಗೇ ಮಾಡಿದೆ. ಅದನ್ನು ನಂಬಬೇಡಿ. ಶಾಯಿ ಇದ್ದಾಗ ನಿಬ್ಬು ಅದರ ಮೇಲೆ ಜಾರುತ್ತದೆ. ಒಣಗಿದ್ದಾಗ ಗೀಚಿದ ಎಷ್ಟೋ ಪೆನ್ನನ್ನು ಸುಮ್ನೆ ಬಿಟ್ಟು ಬಂದಿದ್ದೆ. ಆಮೇಲೆ ಅಂಥದ್ದೇ ಒಂದು ಬೇರೆಯವರ ಕೈಯಲ್ಲಿ ಚೆನ್ನಾಗಿ ಬರೆಯುವುದನ್ನು ನೋಡಿ ಹೊಟ್ಟೆ ಉರಿಯಿತು.

ಇಲ್ಲಿ ನೀರು ಉಪಯೋಗಕ್ಕೆ ಬಂತು. ಅಂಗಡಿಯಲ್ಲಿ ಶಾಯಿ ಅದ್ದಲು ಬಿಡುವುದಿಲ್ಲ. ಅವರ ತಪ್ಪಲ್ಲ, ಶಾಯಿ ಹತ್ತಿದ ಪೆನ್ನನ್ನು ಮತ್ತೆ ಯಾರು ಕೊಳ್ಳುತ್ತಾರೆ? ಆದರೆ ನೀರಿಗೆ ಯಾರೂ ಬೇಡ ಅನ್ನಲಿಲ್ಲ. ನಿಬ್ಬನ್ನು ನಾಲಿಗೆ ಮುಳುಗುವಷ್ಟು ಅದ್ದಿ, ಒಮ್ಮೆ ಒರೆಸಿ, ಖಾಕಿ ಲಕೋಟೆಯ ಮೇಲೆ ಬರೆಯುತ್ತೇನೆ. ಖಾಕಿಯ ಮೇಲೆ ನೀರಿನ ಗೆರೆ ಕಪ್ಪಾಗಿ ಕಾಣುತ್ತದೆ, ಬಿಳಿ ಹಾಳೆಯಲ್ಲಿ ಕಾಣುವುದಿಲ್ಲ. ಬರೆಯುವುದು ‘ಶ್ರೀ’. ಒಂದರ ಪಕ್ಕ ಒಂದು, ಗೆರೆ ನಿಲ್ಲುವವರೆಗೆ. ನಾಲಿಗೆಯ ಹಲ್ಲುಗಳಲ್ಲಿ ನೀರು ನಿಂತರೆ 25, 30 ಶ್ರೀ ಬರುತ್ತವೆ. ಆರೇಳಕ್ಕೇ ನಿಂತರೆ ನಾಲಿಗೆ ನಿಬ್ಬಿಗೆ ಅಂಟಿ ಕೂತಿಲ್ಲ ಎಂದರ್ಥ. ಬರೀ ನೀರಾದರೆ ಹೊಸ ನಿಬ್ಬಿನ ಎಣ್ಣೆ ಜಿಡ್ಡಿಗೆ ಜಾರಿ ಲೆಕ್ಕ ತಪ್ಪುತ್ತದೆ. ಅದಕ್ಕೆ ನೀರಿಗೆ ಇನ್ನೂ ಒಂದು ವಸ್ತು ಸೇರಿಸುತ್ತೇನೆ. ಅದು ಏನು, ಎಷ್ಟು ಎಂದು ಇಲ್ಲಿ ಹೇಳುವುದಿಲ್ಲ. ಅಡುಗೆ ಮನೆಯಲ್ಲೇ ಇದೆ, ಹುಡುಕಿದರೆ ಸಿಗುತ್ತದೆ.

ಶ್ರೀ ಮುಗಿದ ಮೇಲೆ ಮತ್ತೊಮ್ಮೆ ಅದ್ದಿ ಠ, ಣ, ಝ. ಇದು ನನ್ನದೇ ಉಪಾಯ. ಇಂಗ್ಲಿಷಿನಲ್ಲಿ ಸಹಿ ಹಾಕಿ ನೋಡಿ “ಚೆನ್ನಾಗಿದೆ” ಅನ್ನುವವರೇ ಜಾಸ್ತಿ. ನಮ್ಮ ಅಕ್ಷರ ದುಂಡು. ನಿಬ್ಬು ಎಲ್ಲಾ ದಿಕ್ಕಿಗೂ ತಿರುಗಬೇಕು, ಎಡಕ್ಕೆ, ಮೇಲಕ್ಕೆ ತಳ್ಳಬೇಕು. ಎಳೆಯುವಾಗ ಸುಮ್ಮನಿರುವ ನಿಬ್ಬು ತಳ್ಳುವಾಗ ಕಾಗದ ಕಚ್ಚುತ್ತದೆ. ಠ ಅಕ್ಷರವನ್ನು ಐದು ಸಲ ಬಲಗಡೆಯಿಂದ, ಐದು ಸಲ ಎಡಗಡೆಯಿಂದ ಸುತ್ತಿ ನೋಡಿ. ಒಂದೇ ಕಡೆ ಗೀಚಿದರೆ ಎಸಳು ಮೇಲೆ ಕೆಳಗೆ ಆಗಿದೆ, ಸರಿಯಾಗುತ್ತದೆ. ಎರಡೂ ಕಡೆ ಗೀಚಿದರೆ ವಾಪಸ್ ಡಬ್ಬಿಗೆ.

ಕೊನೆಗೆ ಕ್ಯಾಪು. ಎಷ್ಟೇ ಒಳ್ಳೆಯ ನಿಬ್ಬಿದ್ದರೂ ಕ್ಯಾಪಿನಲ್ಲಿ ಗಾಳಿ ಆಡಿದರೆ ಸೋಮವಾರ ಬೆಳಿಗ್ಗೆ ಬರೆಯುವುದಿಲ್ಲ. ತುದಿಯಲ್ಲಿ ತೂತಿದ್ದರೆ ಅದು ಕೆಟ್ಟ ಪೆನ್ನು ಎಂದು ತಿಳಿಯಬೇಡಿ. ಮಕ್ಕಳು ಕ್ಯಾಪು ನುಂಗಿದರೆ ಉಸಿರು ಕಟ್ಟಬಾರದು ಎಂದು ಬೇಕೆಂದೇ ಇಟ್ಟಿರುತ್ತಾರೆ. ಅಂಥ ಕ್ಯಾಪಿನೊಳಗೆ ಇನ್ನೊಂದು ಸಣ್ಣ ಕ್ಯಾಪು ಇದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಇದ್ದರೆ ಸಾಕು.

ಮಳೆಗಾಲದ ಮಾತು ಬೇರೆ. ಜುಲೈಯಲ್ಲಿ ಎರಡು ಪೆನ್ನು ತಂದು “ಶಾಯಿ ಹರಡುತ್ತದೆ” ಎಂದು ಬೈದಿಟ್ಟಿದ್ದೆ. ಫೆಬ್ರವರಿಯಲ್ಲಿ ತೆಗೆದರೆ ಅದೇ ಪೆನ್ನು, ಅದೇ ಕ್ಯಾಮ್ಲಿನ್ ರಾಯಲ್ ಬ್ಲೂ, ಗೆರೆ ಚೊಕ್ಕ. ಹಾಳೆ ನಮ್ಮ ಮಳೆಗೆ ತೇವ ಕುಡಿದಿತ್ತು, ಅಷ್ಟೇ. ಈಗ ಪೆನ್ನು ಪರೀಕ್ಷಿಸುವ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಶಾಯಿ ಬಾಟಲಿಗೆ ಬೂಷ್ಟು ಬರದಿರಲಿ ಎಂದು ಲವಂಗವನ್ನೂ ಹಾಕಿ ನೋಡಿದೆ. ನನಗಂತೂ ಪ್ರಯೋಜನ ಕಾಣಲಿಲ್ಲ. ಬೂಷ್ಟು ಬಂದ ಬಾಟಲಿ ಚೆಲ್ಲುವುದೇ ಒಳ್ಳೆಯದು.

ಇನ್ನೊಂದು ಪ್ರಯೋಗ, ಕರಾವಳಿಯ ಕುಮಟೆಯಿಂದ ಶಿರಸಿಗೆ ಹತ್ತುವ ದೇವಿಮನೆ ಘಾಟಿಯಲ್ಲಿ. ಡ್ರಾಪರಿನಿಂದ ನೇರ ತುಂಬುವ ಪೆನ್ನು ಕುಮಟೆಯಿಂದ ಬಸ್ಸಿನಲ್ಲಿ ಬಂದಾಗಲೆಲ್ಲ ಕ್ಯಾಪಿನೊಳಗೆ ಶಾಯಿ. ಹೋಗುವಾಗ ಇಲ್ಲ, ಬರುವಾಗ ಮಾತ್ರ. ಬಸ್ಸಿನ ಕುಲುಕಾಟ ಎಂದೇ ಎಣಿಸಿದ್ದೆ. ಭಾವನೇ ಬಿಡಿಸಿ ಹೇಳಿದ. ಶಿರಸಿ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಮೇಲೆ ಬಂದ ಹಾಗೆ ಹೊರಗಿನ ಗಾಳಿಯ ಒತ್ತಡ ನೂರಕ್ಕೆ ಏಳರಷ್ಟು ಇಳಿಯುತ್ತದೆ, ಪೆನ್ನಿನೊಳಗಿನ ಗಾಳಿ ಹಿಗ್ಗುತ್ತದೆ. ಅರ್ಧ ಖಾಲಿ ಪೆನ್ನಿನಲ್ಲಿ ಒಂದೂವರೆ ಎಂಎಲ್ ಗಾಳಿ ಇದ್ದರೆ ಎರಡು ಹನಿ ಶಾಯಿ ಹೊರಗೆ ಬಂತು. ನಂಬದೆ ಮೂರು ಪೆನ್ನು ಒಯ್ದು ನೋಡಿದೆ. ಪೂರ್ತಿ ತುಂಬಿದ್ದು ಸೋರಲಿಲ್ಲ. ಅರ್ಧ ತುಂಬಿ ನಿಬ್ಬು ಮೇಲೆ ಮಾಡಿಟ್ಟದ್ದೂ ಸೋರಲಿಲ್ಲ. ಅರ್ಧ ತುಂಬಿ ನಿಬ್ಬು ಕೆಳಗೆ ಮಾಡಿದ್ದು ಕಕ್ಕಿತು. ಹಾಗಾಗಿ ಘಾಟಿ ಹತ್ತಿ ಬಂದ ಪೆನ್ನು ಸೋರಿತು ಎಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗಬೇಡಿ.

ಈಗ ಜೂನಿನ ಕಥೆ. ಭಾವನ ಶಾಲೆಯ ಮಕ್ಕಳಿಗೆ 40 ಪೆನ್ನು ಬೇಕಿತ್ತು. ಒಂದೇ ಮಾದರಿ, ಒಂದು 40 ರೂಪಾಯಿ. ಅಂಗಡಿಯವರು 60 ಪೆನ್ನಿನ ಡಬ್ಬಿಯನ್ನೇ ಮುಂದಿಟ್ಟರು. ಭಾವ ಕಣ್ಣುಮುಚ್ಚಿ 20 ಎತ್ತಿಕೊಂಡ. ಉಳಿದ 40ರಲ್ಲಿ ನಾನು 20 ಆರಿಸಿದೆ. ಒಂದೂವರೆ ತಾಸು ಹಿಡಿಯಿತು. ಮಾಲಕರು ಎರಡು ಸಲ ಚಹಾ ತರಿಸಿದರು. ನಾನು ಬಿಟ್ಟದ್ದರಲ್ಲಿ ಎಸಳು ಮಾತ್ರ ತಪ್ಪಿದ್ದವನ್ನು ಅಲ್ಲೇ ಉಗುರಿನಲ್ಲಿ ಸರಿಮಾಡಿ, ತೀರಾ ಕೆಟ್ಟ ಎಂಟನ್ನು ಹೋಲ್‌ಸೇಲಿನವರಿಗೆ ವಾಪಸ್ ಕಳಿಸಿ ಎಂದು ಬೇರೆ ಕಟ್ಟಿಕೊಟ್ಟೆ. ಅವರು ವಾಪಸ್ ತೆಗೆದುಕೊಂಡರಂತೆ. ಆವತ್ತಿನಿಂದ ನನಗೆ 35 ರೂಪಾಯಿ ದರ, ಹೊಸ ಡಬ್ಬಿ ಬಂದರೆ ಮೊದಲ ಫೋನು ನನಗೇ.

ಭಾವ ಎತ್ತಿದ ಇಪ್ಪತ್ತರಲ್ಲಿ ಈಗ ಬರೆಯುತ್ತಿರುವುದು ಒಂಬತ್ತು. ನನ್ನದರಲ್ಲಿ ನಿಂತ ಎರಡರಲ್ಲಿ ಒಂದರ ಕ್ಯಾಪು ಒಡೆದಿದೆ. ಬಿರುಕು ಮೊದಲೇ ಇದ್ದಿರಬೇಕು, ನಾನು ನೋಡಬೇಕಿತ್ತು. ಇನ್ನೊಂದು ಪೆನ್ನು ಹುಡುಗಿಯೊಬ್ಬಳ ಕೈಜಾರಿ ಸಿಮೆಂಟು ನೆಲಕ್ಕೆ ನಿಬ್ಬು ಕೆಳಗಾಗಿ ಬಿತ್ತಂತೆ. ಅದನ್ನು ನನ್ನ ಸೋಲಿಗೆ ಸೇರಿಸಬೇಡ ಎಂದು ಭಾವ ಹೇಳಿದ. ನಾನು ಸೇರಿಸಿದ್ದೇನೆ. ಹಳೆಯ ಪೆನ್ನಿನ ನಿಬ್ಬೊಂದನ್ನು ಹಾಕಿ, ಠ ಬರೆದು ನೋಡಿ, ನಿನ್ನೆಯ ಬಸ್ಸಿಗೆ ಕಳಿಸಿದೆ.