ಮನಸ್ಸು ಮಂಕಾದಾಗ ಹಕ್ಕಿ ಹುಡುಕಬೇಡಿ, ಒಂದು ಮರದ ಹತ್ತಿರ ಕೂತುಬಿಡಿ

ಹಕ್ಕಿ ನೋಡೋಕೆ ಅಂತ ಪಾರ್ಕ್ ಪೂರ್ತಿ ಸುತ್ತಬೇಡಿ. ಹಣ್ಣು ಬಿಟ್ಟಿರೋ ಒಂದು ಆಲ, ಅತ್ತಿ ಅಥವಾ ಬಸರಿ ಮರ ಹಿಡಿಯಿರಿ, ಬೆಳಗ್ಗೆ 7ರ ಸುಮಾರಿಗೆ ಅದರ ಹತ್ತಿರ 20 ನಿಮಿಷ ಸುಮ್ನೆ ಕೂತ್ಕೊಳ್ಳಿ. ನಾವು ಹೋದ ತಕ್ಷಣ ಹಕ್ಕಿಗಳು ಹೆದರಿ ಗಪ್‌ಚಿಪ್ ಆಗುತ್ತವೆ, ಅಲ್ಲಾಡದೆ ಕೂತರೆ ಸ್ವಲ್ಪ ಹೊತ್ತಿಗೆ ನಮ್ಮನ್ನು ಮರೆತು ತಮ್ಮ ಕೆಲಸಕ್ಕೆ ವಾಪಸ್ ಬರುತ್ತವೆ. ಮೊದಲು ಗೊರವಂಕಗಳ (ಮೈನಾ) ಜಗಳ, ಆಮೇಲೆ ಪಿಕಳಾರ (ಬುಲ್‌ಬುಲ್), ಅದೃಷ್ಟ ಇದ್ದರೆ ಕುಟ್ರು ಹಕ್ಕಿ (ಬಾರ್ಬೆಟ್). ಇದರ ಕೂಗು ಬೀದಿಗೆಲ್ಲ ಕೇಳುತ್ತೆ, ಆದರೆ ಮೈ ಹಸಿರಾದ್ದರಿಂದ ಎಲೆ ಮಧ್ಯೆ ಎಲ್ಲಿದೆ ಅಂತ ಗೊತ್ತಾಗೋದೇ ಇಲ್ಲ, ಹಣ್ಣು ನುಂಗೋಕೆ ಕತ್ತು ಚಾಚಿದಾಗ ಮಾತ್ರ ಸಿಕ್ಕಿಬೀಳುತ್ತೆ. ಅದನ್ನು ಹುಡುಕುತ್ತಾ ಇರುವಾಗ ತಲೆಯಲ್ಲಿ ಸುತ್ತುತ್ತಿದ್ದ ಆಫೀಸ್ ಗೋಳಿಗೆ ಜಾಗವೇ ಇರಲ್ಲ, ಅಷ್ಟೇ ಇದರ ಗುಟ್ಟು. ಅಪರೂಪದ ಹಕ್ಕಿಯೇ ಬೇಕು ಅಂತ ಹೊರಟರೆ ಮಾತ್ರ ಇದು ಕೈಕೊಡುತ್ತೆ, ಬೇಜಾರು ಇನ್ನೂ ಜಾಸ್ತಿ ಆಗುತ್ತೆ. ಫೋಟೋ ಹುಚ್ಚೂ ಹಾಗೇ, ಲೆನ್ಸ್ ತಿರುಗಿಸೋದರಲ್ಲೇ ಹಕ್ಕಿ ಹಾರಿಹೋಗಿರುತ್ತೆ. ನಡು ಮಧ್ಯಾಹ್ನ, ಜೋರು ಮಳೆಯಲ್ಲೂ ಏನೂ ಕಾಣಲ್ಲ. ಇನ್ನು ವಾರಗಟ್ಟಲೆ ನಿದ್ದೆ ಊಟ ಸೇರದಷ್ಟು ಮನಸ್ಸು ಕುಸಿದಿದ್ದರೆ ಮರ ಸಾಲದು, ಡಾಕ್ಟರ್ ಹತ್ತಿರ ಹೋಗಿ. ಹಾಂ, ಕೊಂಬೆಯ ನೇರ ಕೆಳಗೆ ಕೂರಬೇಡಿ, ಯಾಕೆ ಅಂತ ಹೇಳಬೇಕಾಗಿಲ್ಲ ಅಲ್ವಾ!